ಬಣ್ಣದ ಗಾಡಿಯೆಂದು ಸ್ಟಿಕ್ಕರ್ ಮಾರುತ್ತಾರೆ, ಎಚ್ಚರವಿರಲಿ

ಚಿಕ್ಕಮಗಳೂರು, ಹಾಸನದ ಕಡೆ ಮನೆಗೋ ಹೋಂಸ್ಟೇಗೋ ಅಲಂಕಾರದ ಸಾಮಾನು ಕೊಳ್ಳುವವರು ದಯವಿಟ್ಟು ಇದನ್ನು ಓದಿ. ಕೈಯಿಂದ ಬಣ್ಣ ಬರೆದ, ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಎತ್ತಿನ ಗಾಡಿಯ ಮಾದರಿಯೆಂದು ನಂಬಿಸಿ ಹಾಸನದ ಅಂಗಡಿಯೊಂದು ನನ್ನಿಂದ 42,000 ರೂಪಾಯಿ ಪಡೆಯಿತು. ಬಂದದ್ದು ಸ್ಟಿಕ್ಕರ್ ಅಂಟಿಸಿದ ಪ್ಲೈವುಡ್.

ನಮ್ಮದು ಮೂಡಿಗೆರೆ ಕಡೆಯ ಕಾಫಿ ತೋಟ; ತಾತ ಕಾಫಿ ಮೂಟೆಗಳನ್ನು ಗಾಡಿಯಲ್ಲಿ ಸಾಗಿಸಿದವರು. ಕೋಸ್ಟರಿಕಾದಲ್ಲಿಯೂ ಕಣಿವೆಯ ಕಾಫಿಯನ್ನು ಎತ್ತಿನ ಗಾಡಿಗಳೇ ಬೆಟ್ಟ ದಾಟಿಸಿ 10ರಿಂದ 15 ದಿನಗಳಲ್ಲಿ ಪುಂಟಾರೆನಾಸ್ ತೀರಕ್ಕೆ ಮುಟ್ಟಿಸುತ್ತಿದ್ದವು ಎಂದು ಓದಿದಂದಿನಿಂದ, ಅಲ್ಲಿನ ಸಾರ್ಚಿ ಊರಿನ ಬಣ್ಣದ ಗಾಡಿಯೊಂದು ನಮ್ಮ ಜಗಲಿಯಲ್ಲಿರಬೇಕೆಂಬ ಆಸೆಯಿತ್ತು. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಲೆಯದು. ಅಂಗಡಿಯವರಿಗೆ ಇದನ್ನೆಲ್ಲ ಹೇಳಿದವಳು ನಾನೇ. ನಾನು ಹೇಳಿದ್ದನ್ನೇ ನನಗೆ ತಿರುಗಿಸಿ ಹೇಳಿ ಮಾರಿದರು.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಅಸಲಿ ಗಾಡಿಯದು. ಪೂರ್ತಿ ಹಣ ಕೊಟ್ಟ ಮೇಲೆ ಪೆಟ್ಟಿಗೆ ಬಂತು. ಧೂಳು ಒರೆಸುವಾಗ ಕೆಂಪು ಹೂವಿನ ಅಂಚು ಉಗುರಿಗೆ ಸಿಕ್ಕಿತು. ಮೆಲ್ಲಗೆ ಎಳೆದರೆ ಇಡೀ ಹೂವು, ಅದರ ಪಕ್ಕದ ಬಳ್ಳಿ, ಎಲ್ಲವೂ ಒಂದೇ ಪಟ್ಟಿಯಾಗಿ ಕಿತ್ತು ಬಂದವು. ಸಾರ್ಚಿಯ ಚಕ್ರಕ್ಕೆ ಅರೆಕಾಲುಗಳು, ಅಂದರೆ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳು, ಇರುವುದಿಲ್ಲ; ಕೆಸರು ಕಚ್ಚದಿರಲೆಂದು 16 ಮರದ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸಿ ಕಬ್ಬಿಣದ ಪಟ್ಟಿ ಬಿಗಿಯುತ್ತಾರೆ. ಇಲ್ಲಿ ಒಂದೇ ಹಲಗೆಯನ್ನು ದುಂಡಗೆ ಕತ್ತರಿಸಿ ಸಂದುಗಳನ್ನು ಗೆರೆಯಲ್ಲಿ ಎಳೆದಿದ್ದರು. ಅಸಲಿ ಗಾಡಿ ಸಾಗುವಾಗ ಲೋಹದ ಬಳೆಯೊಂದು ಚಕ್ರದ ನಡುವಿನ ಗುಂಬಕ್ಕೆ ಬಡಿದು ನಾದ ಹೊರಡುತ್ತದೆ, ಒಂದೊಂದು ಗಾಡಿಗೂ ಅದರದೇ ನಾದ. ಇಲ್ಲಿ ಬಳೆಯನ್ನು ಗೋಂದಿನಿಂದ ಅಂಟಿಸಿದ್ದರು. ಚಕ್ರವೇ ತಿರುಗುವುದಿಲ್ಲ! ಪಕ್ಕದಲ್ಲಿದ್ದ ಅಪ್ಪ ಚಕ್ರವನ್ನು ಒಮ್ಮೆ ತಿರುಗಿಸಲು ನೋಡಿ, ಏನೂ ಹೇಳದೆ ಒಳಗೆ ಹೋದರು. ನನಗೆ ತಲೆ ಎತ್ತಲಾಗಲಿಲ್ಲ.

ಫೋನ್ ಮಾಡಿದರೆ ಮೊದಲ ಉತ್ತರ, "ಮೇಡಂ, ಒದ್ದೆ ಬಟ್ಟೇಲಿ ಯಾಕೆ ಒರೆಸಿದ್ರಿ?" ಕೈಯಿಂದ ಬರೆದದ್ದು ಎಂದಿದ್ದಿರಲ್ಲ ಎಂದು ಕೇಳಿದ್ದಕ್ಕೆ, "ಕೈಯಿಂದ ಮಾಡಿದ್ದು ಅಂದಿದ್ದೆ, ಅಂಟಿಸಿದ್ದು ಕೈಯಿಂದಾನೇ ಅಲ್ವಾ?" ಚಕ್ರದ ಬಗ್ಗೆ ಕೇಳಿದರೆ, "ಶೋ ಪೀಸ್ ತಾನೆ, ನೀವೇನು ಎತ್ತು ಕಟ್ತೀರಾ?" ತಾತನ ಗಾಡಿಯ ಕಥೆಯನ್ನು ಅಷ್ಟು ಹೊತ್ತು ಕುಳಿತು ಕೇಳಿಸಿಕೊಂಡಿದ್ದ ಮನುಷ್ಯನ ಮಾತಿದು. ಮರುದಿನದಿಂದ ಫೋನ್ ಎತ್ತುತ್ತಿಲ್ಲ.

ಕಣ್ಣಾರೆ ನೋಡದೆ ಹಣ ಕೊಡಬೇಡಿ. ಚಕ್ರ ತಿರುಗಿಸಿ, ಬಣ್ಣದ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ; ಅದಕ್ಕೆ ಮುಖ ಸಿಂಡರಿಸುವ ಅಂಗಡಿಯಾದರೆ ಎದ್ದು ಬನ್ನಿ. ಕೈಯಿಂದ ಬರೆದ ಬಣ್ಣವೆಂದು ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ "ಡೆಕೊರೇಷನ್ ಐಟಂ" ಎಂದಷ್ಟೇ ಇದೆ. ಆದರೂ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ; ಕಿತ್ತು ಬಂದ ಹೂವಿನ ಪಟ್ಟಿಯನ್ನು ಆ ಬಿಲ್ಲಿನ ಜೊತೆಗೇ ಇಟ್ಟಿದ್ದೇನೆ.