ಸ್ಕೌಟ್ ಸ್ಕಾರ್ಫ್: ಎಲಾಸ್ಟಿಕ್‌ನದ್ದು ಬೇಡ, ಬರೀ ಬಟ್ಟೆಯದ್ದೇ ಸಾಕು

ಸ್ಕೌಟ್ ಸಮವಸ್ತ್ರದ ಸ್ಕಾರ್ಫ್ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಬರೀ ತ್ರಿಕೋನದ ಬಟ್ಟೆ. ಸುತ್ತಿ ವಾಗಲ್ (ಕತ್ತಿನ ಮುಂದೆ ಎರಡು ತುದಿಗಳನ್ನು ಕೂಡಿಸಿ ಹಿಡಿಯುವ ಉಂಗುರ) ಏರಿಸುವುದು ಮಕ್ಕಳದೇ ಕೆಲಸ. ಇನ್ನೊಂದು ಮಡಿಕೆಗಳನ್ನು ಹೊಲಿದು, ವಾಗಲ್ ಅಂಟಿಸಿ, ಕತ್ತಿನ ಹಿಂದೆ ಎಲಾಸ್ಟಿಕ್ ಕೊಟ್ಟದ್ದು. ಈ ರೆಡಿಮೇಡ್ ಸ್ಕಾರ್ಫ್ ಹಾಕಲು ಸುಲಭ, ಸಾಲಿನಲ್ಲಿ ನಿಂತಾಗ ಎಲ್ಲರದೂ ಒಂದೇ ಸಮ ಕಾಣುತ್ತದೆ. ಆದರೂ ಬೇಡವೆಂದೇ ನಮ್ಮ ಸಲಹೆ. ಸ್ಕಾರ್ಫ್ ಕುರಿತ ಬಹುಪಾಲು ನಿಯಮಗಳು ನಿಂತಿರುವುದು ಅದನ್ನು ಕ್ಷಣದಲ್ಲಿ ಬಿಚ್ಚಿ ಬಳಸಬಹುದು ಎಂಬುದರ ಮೇಲೆ. ಬಿಚ್ಚಲಾಗದ ಸ್ಕಾರ್ಫ್ ಕತ್ತಿನಲ್ಲಿದ್ದರೆ ಆ ನಿಯಮಗಳನ್ನು ಮಕ್ಕಳಿಗೆ ಹೇಗೆ ವಿವರಿಸುವುದು?

ಮೊದಲು ಅಳತೆ. ತ್ರಿಕೋನವೇ ಏಕೆಂದರೆ ಪ್ರಥಮ ಚಿಕಿತ್ಸೆಯ ತ್ರಿಕೋನ ಪಟ್ಟಿಯೂ ಅದೇ ಆಕಾರದ್ದು. ಒಂದು ಮೀಟರ್ ಚೌಕದ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಉದ್ದದ ಅಂಚು ಸುಮಾರು 141 ಸೆಂಟಿಮೀಟರ್ ಬರುತ್ತದೆ. ದೊಡ್ಡವರ ತೋಳಿಗೂ ಜೋಲಿ ಕಟ್ಟಬಹುದು. ಬದಿ 60 ಸೆಂಟಿಮೀಟರ್ ಇದ್ದರೆ ಉದ್ದದ ಅಂಚು 85ಕ್ಕೇ ನಿಲ್ಲುತ್ತದೆ. ನೋಡಲು ಅಚ್ಚುಕಟ್ಟು, ಆದರೆ ಜೋಲಿ ಕಟ್ಟಲು ಹೋದರೆ ಎರಡು ತುದಿಗಳು ಕೂಡುವುದೇ ಇಲ್ಲ. ಹತ್ತಿ ಬಟ್ಟೆ ಒಗೆದ ಮೇಲೆ ತುಸು ಕುಗ್ಗುವುದರಿಂದ ಒಂದೆರಡು ಬೆರಳಷ್ಟು ದೊಡ್ಡದನ್ನೇ ಆರಿಸಿ.

ಜೋಲಿಯ ತುದಿಗಳಿಗೆ ರೀಫ್ ಗಂಟನ್ನೇ ಹಾಕಬೇಕು ಎಂಬುದಕ್ಕೂ ಕಾರಣವಿದೆ. ಅದು ಚಪ್ಪಟೆಯಾಗಿ ಕೂರುತ್ತದೆ, ಕೊರಳೆಲುಬಿನ ಬಳಿ ಒತ್ತುವುದಿಲ್ಲ, ಬಿಚ್ಚುವಾಗ ಗಾಯಾಳುವನ್ನು ಅಲುಗಾಡಿಸಬೇಕಾಗಿಲ್ಲ. ಬಲ ತುದಿ ಎಡದರ ಮೇಲೆ, ಆಮೇಲೆ ಎಡ ತುದಿ ಬಲದರ ಮೇಲೆ. ಎರಡೂ ಸಲ ಒಂದೇ ಕಡೆಯಿಂದ ತಂದರೆ ಅದು ಗ್ರಾನಿ ಗಂಟಾಗಿ, ಭಾರ ಬಿದ್ದಾಗ ಜಾರುತ್ತದೆ.

ಬಟ್ಟೆ ಹತ್ತಿಯದ್ದಿರಲಿ. ಅಂಚಿನ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ ನೋಡಿ: ಹತ್ತಿ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಶಿಬಿರದ ಬೆಂಕಿಯ ಹತ್ತಿರ ಕೂರುವ ಮಗುವಿನ ಕತ್ತಿನಲ್ಲಿ ಕರಗುವ ಬಟ್ಟೆ ಇರಬಾರದು. ಪಾಲಿಯೆಸ್ಟರ್ ನುಣುಪು ಬೇರೆ, ಸುರುಳಿ ನಿಲ್ಲದು, ವಾಗಲ್ ಕೆಳಗಿಳಿಯುತ್ತಲೇ ಇರುತ್ತದೆ. ಅಂಚಿನ ಹೊಲಿಗೆಯನ್ನೂ ಗಮನಿಸಿ. ಉದ್ದದ ಅಂಚು ಬಟ್ಟೆಯ ಓರೆಗೆ ಬರುವುದರಿಂದ ಎಳೆದಷ್ಟೂ ಹಿಗ್ಗುತ್ತದೆ. ಮಡಿಚಿ ಹೊಲಿಯದಿದ್ದರೆ ಅಲೆಅಲೆಯಾಗಿ, ಸುರುಳಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬರುತ್ತದೆ. ಗಾಢ ಬಣ್ಣದ್ದಾದರೆ ಮೊದಲ ಸಲ ಬೇರೆಯಾಗಿಯೇ ಒಗೆಯಿರಿ.

ಸುತ್ತುವುದಕ್ಕೆ ಇಬ್ಬರಿದ್ದರೆ ಒಳ್ಳೆಯದು. ಇಬ್ಬರೂ ಒಂದೊಂದು ತುದಿ ಹಿಡಿದು ಬಿಗಿಯಾಗಿ ಎಳೆದು, ಉದ್ದದ ಅಂಚಿನಿಂದ ಒಳಕ್ಕೆ ಸುರುಳಿ ಸುತ್ತುತ್ತ ಬನ್ನಿ. ಬೆನ್ನ ಮೇಲೆ ಸುಮಾರು 15 ಸೆಂಟಿಮೀಟರ್ ತ್ರಿಕೋನ ಉಳಿದಾಗ ನಿಲ್ಲಿಸಿ. ಕಾಲರ್‌ನ ಒಳಗೋ ಮೇಲೋ ಎಂಬುದು ಆಯಾ ಸಂಸ್ಥೆಯ ನಿಯಮ.

ವಾಗಲ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎಳೆದರೆ ಜಾರಿ ಕಳಚಿಕೊಳ್ಳಬೇಕು. ಸ್ಕಾರ್ಫ್ ಕೊಂಬೆಗೋ ಹಗ್ಗಕ್ಕೋ ಸಿಕ್ಕಿದಾಗ ಕತ್ತನ್ನು ಉಳಿಸುವುದು ಆ ಜಾರುವಿಕೆಯೇ. ಜಾರದಿರಲೆಂದು ಅದನ್ನು ಬಟ್ಟೆಗೆ ಹೊಲಿಯುವವರಿದ್ದಾರೆ, ಅದು ಅಪಾಯ. ಮರ ಹತ್ತುವಾಗ, ತಿರುಗುವ ಯಂತ್ರದ ಬಳಿ ಕೆಲಸ ಮಾಡುವಾಗ ಸ್ಕಾರ್ಫನ್ನೇ ತೆಗೆದಿಡಬೇಕು. ಪ್ಲಾಸ್ಟಿಕ್ ವಾಗಲ್ ಕೆಲಸಕ್ಕೆ ಸಾಕು, ಆದರೆ ಕೈಯಲ್ಲಿ ಹೆಣೆದದ್ದೇ ಮೇಲು. 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಸ್ಕೌಟ್ ತರಬೇತಿ ಕೇಂದ್ರವಾದ ಗಿಲ್‌ವೆಲ್ ಪಾರ್ಕ್‌ನಲ್ಲಿ ಅಲ್ಲಿನ ಸಿಬ್ಬಂದಿ ಬಿಲ್ ಶ್ಯಾಂಕ್ಲಿ ರೂಪಿಸಿದ, ದಾರವನ್ನು ಉಂಗುರದಂತೆ ಹೆಣೆಯುವ ಟರ್ಕ್ಸ್ ಹೆಡ್ ಗಂಟಿನ ವಾಗಲ್‌ಗೆ 4 ಮಿಲಿಮೀಟರ್ ದಪ್ಪದ ಒಂದೂವರೆ ಮೀಟರ್ ದಾರ ಸಾಕಾಗುತ್ತದೆ. ಹೊಸದಾಗಿ ಹೆಣೆಯುವವರು ಎರಡನೇ ಸುತ್ತಿನಲ್ಲಿ ಮೊದಲ ದಾರವನ್ನು ದಾಟಿಬಿಡುತ್ತಾರೆ. ಅದರ ಪಕ್ಕದಲ್ಲೇ, ಅದು ಹೋದ ಮೇಲೆ ಕೆಳಗೆಲ್ಲ ಇದೂ ಹೋಗಬೇಕು.

ಬೆಳಿಗ್ಗೆ ಸ್ಕಾರ್ಫಿನ ತುದಿಗೆ ಗಂಟು ಹಾಕಿ, ದಿನದ ಸತ್ಕಾರ್ಯ ಮಾಡಿದ ಮೇಲೆ ಬಿಚ್ಚುವ ಹಳೆಯ ರೂಢಿಯೊಂದಿದೆ. ನೆನಪಿಗಾಗಿ ಹಾಕುವ ಗಂಟು ಅದು, ಎಷ್ಟು ಸರಳ, ಎಷ್ಟು ಚೆಂದ! ಹೊಲಿದಿಟ್ಟ ಸ್ಕಾರ್ಫ್‌ನ ಮೋಟು ತುದಿಗಳಲ್ಲಿ ಅದಕ್ಕೂ ಜಾಗವಿಲ್ಲ.

ಎಲಾಸ್ಟಿಕ್‌ನದ್ದನ್ನು ಈಗಾಗಲೇ ಕೊಂಡಿದ್ದರೆ ಹೊಲಿಗೆ ಬಿಚ್ಚಿ ಅಳೆದು ನೋಡಿ. ಉದ್ದದ ಅಂಚು ಒಂದು ಮೀಟರಿಗಿಂತ ಕಡಿಮೆಯಿದ್ದರೆ ಅದನ್ನು ಕವಾಯತಿಗಷ್ಟೇ ಇಟ್ಟುಕೊಂಡು, ಶಿಬಿರಕ್ಕೆ ಹೊರಡುವಾಗ ಪ್ರತಿ ಮಗುವಿನ ಚೀಲದಲ್ಲಿ ಒಂದು ತ್ರಿಕೋನ ಪಟ್ಟಿ ಹಾಕಿ ಕಳುಹಿಸಿ.