ಕ್ಯಾನಿನ ಉಪ್ಪುನೀರನ್ನು ಪರೀಕ್ಷಿಸದೆ ತೊಟ್ಟಿಗೆ ಸುರಿಯಬೇಡಿ

ಬೆಂಗಳೂರಿನಲ್ಲಿ ಸಮುದ್ರದ ಮೀನು ಸಾಕುವವರು ದಯವಿಟ್ಟು ಇದನ್ನು ಓದಿ. ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಸೇರಿಕೊಳ್ಳುವ ನೈಟ್ರೇಟ್ ಎಂಬ ಲವಣವನ್ನು ಇಳಿಸುವ ಔಷಧಿಯಿಂದ ನಮ್ಮ ಮನೆಯ ಹಳದಿ ಟ್ಯಾಂಗ್ ಮೀನು ಸತ್ತಿತು. ಆ ಔಷಧಿಯ ಅಗತ್ಯವೇ ಇರಲಿಲ್ಲ ಎಂಬುದು ಇನ್ನೂ ಸಂಕಟದ ಮಾತು.

ತೊಟ್ಟಿಯ ನೈಟ್ರೇಟ್ 80 ಪಿಪಿಎಂ (ಲೀಟರಿಗೆ ಸುಮಾರು 80 ಮಿಲಿಗ್ರಾಂ) ಆಸುಪಾಸಿನಲ್ಲಿ ಕಚ್ಚಿಕೊಂಡು ನಿಂತಿತ್ತು. ವಾರವಾರವೂ ಐದನೇ ಒಂದು ಭಾಗ ನೀರು ತೆಗೆದು, ಅಂಗಡಿಯಿಂದ ಕ್ಯಾನಿನಲ್ಲಿ ಕೊಂಡು ತಂದ ಉಪ್ಪುನೀರು ತುಂಬುತ್ತಿದ್ದೆವು, ಆಹಾರ ಕಡಿಮೆ ಮಾಡಿದ್ದೆವು. ಆದರೂ ಪರೀಕ್ಷೆಯ ನಳಿಕೆಯಲ್ಲಿ ಅದೇ ಕಡುಗೆಂಪು. ಆ ನೀರು ಮಾರುವ ಅಂಗಡಿಯವರೇ ಒಂದು ಬಾಟಲಿ ಔಷಧಿ ಕೊಟ್ಟು, "ನೈಟ್ರೇಟ್ ಜಾಸ್ತಿ ಇದೆ, ಎರಡು ಪಟ್ಟು ಹಾಕಿ" ಎಂದರು. ಅದರಲ್ಲಿದ್ದದ್ದು ಬ್ಯಾಕ್ಟೀರಿಯಾಗಳಿಗೆ ಇಂಗಾಲದ ಆಹಾರ. ಅದನ್ನು ತಿಂದು ಅವು ಹೆಚ್ಚುತ್ತವೆ, ಹೆಚ್ಚುತ್ತಾ ನೈಟ್ರೇಟ್ ಹೀರುತ್ತವೆ, ಜೊತೆಗೆ ನೀರಿನ ಆಮ್ಲಜನಕವನ್ನೂ ಹೀರುತ್ತವೆ. ಈ ಕೊನೆಯದನ್ನು ಯಾರೂ ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ನೀರು ಗಂಜಿಯ ತಿಳಿಯಂತೆ ಬೆಳ್ಳಗಾಗಿತ್ತು. ಕ್ಲೌನ್ ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿ ಏದುತ್ತಿದ್ದವು. ಟ್ಯಾಂಗ್ ಕಲ್ಲಿನ ಬುಡಕ್ಕೆ ಒರಗಿತ್ತು, ಕಿವಿರಿನ ಮುಚ್ಚಳ ಅಗಲವಾಗಿ ತೆರೆದೇ ಇತ್ತು. ಗಾಳಿ ಪಂಪು ಹಾಕಿ ಕ್ಲೌನ್‌ಗಳನ್ನಷ್ಟೇ ಉಳಿಸಿಕೊಂಡೆವು.

ಆಮೇಲೆ ಹೊಸ ನೀರನ್ನೇ ಪರೀಕ್ಷಿಸಿದೆವು. ಆರ್‌ಒ ನೀರಿನಲ್ಲಿ ಕಲಸಿದ್ದೆಂದು ಮಾರಿದ ಕ್ಯಾನಿನಲ್ಲೇ ನೈಟ್ರೇಟ್ 40! ಪಟ್ಟು ಹಿಡಿದು ಕೇಳಿದಾಗ, ಕೊಳವೆಬಾವಿಯ ನೀರೆಂದು ಒಪ್ಪಿಕೊಂಡರು. ಲೆಕ್ಕ ನೋಡಿ: 80 ಇರುವ ತೊಟ್ಟಿಯ ಐದನೇ ಒಂದು ಭಾಗ ತೆಗೆದು 40ರ ನೀರು ತುಂಬಿದರೆ 72ಕ್ಕೆ ಇಳಿಯುತ್ತದೆ, ಅಷ್ಟೇ. ವಾರದೊಳಗೆ ಮೀನಿನ ತ್ಯಾಜ್ಯ ಅದನ್ನು ಮತ್ತೆ ಏರಿಸುತ್ತದೆ. ಜನ್ಮವಿಡೀ ಬದಲಿಸಿದರೂ 40ರ ಕೆಳಗೆ ಹೋಗುವುದಿಲ್ಲ. ನಮ್ಮ ದೇಶದ ಮಾನದಂಡ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟನ್ನು ಒಪ್ಪುತ್ತದೆ. ಹಾಗಾಗಿ "ನಾವೇ ಕುಡಿಯುತ್ತೇವೆ" ಎಂಬ ಅಂಗಡಿಯವರ ಭರವಸೆ ಹವಳದ ತೊಟ್ಟಿಗೆ ಏನೇನೂ ಸಾಲದು. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಾಢವಾಗುತ್ತದೆ.

ಕ್ಯಾನ್ ಕೊಳ್ಳುವಾಗ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಸಾಧನ) ಕೆಲಸಕ್ಕೆ ಬಾರದು, ಉಪ್ಪು ಬೆರೆತ ಮೇಲೆ ಅದರಿಂದ ನೈಟ್ರೇಟ್ ತಿಳಿಯುವುದಿಲ್ಲ. ನೈಟ್ರೇಟ್ ಕಿಟ್ಟಿನಿಂದಲೇ ನೋಡಿ. ಎರಡು ದ್ರಾವಣಗಳ ಕಿಟ್ಟಾದರೆ ಎರಡನೆಯ ಶೀಶೆಯನ್ನು ಬಲವಾಗಿ ಕುಲುಕಿ, ಇಲ್ಲದಿದ್ದರೆ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ನಾವೀಗ ಆರ್‌ಒ ಜೊತೆಗೆ ಡಿಐ (ಉಳಿದ ಲವಣಗಳನ್ನೂ ತೆಗೆಯುವ) ಶೋಧಕ ಇಟ್ಟುಕೊಂಡು ಮನೆಯಲ್ಲೇ ಉಪ್ಪು ಕಲಸುತ್ತೇವೆ. ನೈಟ್ರೇಟ್ ನಿಧಾನವಾಗಿ, ಯಾವ ಬಾಟಲಿಯೂ ಇಲ್ಲದೆ, ಇಳಿಯುತ್ತಿದೆ.

ಸ್ಕಿಮ್ಮರ್ (ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಇಲ್ಲದ ತೊಟ್ಟಿಗೆ ಅಂಥ ಬಾಟಲಿ ಬೇಡವೇ ಬೇಡ. ಸ್ಕಿಮ್ಮರ್ ಇದ್ದರೂ ಬರೆದ ಪ್ರಮಾಣದ ಕಾಲು ಭಾಗದಿಂದ ಆರಂಭಿಸಿ, ರಾತ್ರಿಯಿಡೀ ಗಾಳಿ ಪಂಪು ಓಡುತ್ತಿರಲಿ.