ವೆಬ್‌ಮಿನ್ ಮತ್ತು ಕಾಕ್‌ಪಿಟ್: ಯಾವುದು ಯಾರಿಗೆ?

ಲಿನಕ್ಸ್ ಸರ್ವರನ್ನು ಬ್ರೌಸರ್‌ನಿಂದಲೇ ನಿರ್ವಹಿಸಬಯಸುವವರು ಹೆಚ್ಚಾಗಿ ಈ ಎರಡರ ನಡುವೆ ತೂಗಿನೋಡುತ್ತಾರೆ. 1997ರಲ್ಲಿ ಮೊದಲು ಬಿಡುಗಡೆಯಾದ, ಪರ್ಲ್ ಭಾಷೆಯಲ್ಲಿ ಬರೆದ ವೆಬ್‌ಮಿನ್ 10000ನೇ ಪೋರ್ಟ್‌ನಲ್ಲಿ (ಸರ್ವರ್‌ನ ಸಂಖ್ಯೆಯುಳ್ಳ ಸಂಪರ್ಕದ್ವಾರ) ತೆರೆದುಕೊಳ್ಳುತ್ತದೆ. ವೆಬ್ ಸರ್ವರ್ ಅಪಾಚೆ, ಡಿಎನ್‌ಎಸ್ (ತಾಣದ ಹೆಸರನ್ನು ಐಪಿ ವಿಳಾಸಕ್ಕೆ ಹೊಂದಿಸುವ ವ್ಯವಸ್ಥೆ) ಸರ್ವರ್ ಬೈಂಡ್, ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್‌ಗಳ ಸೆಟ್ಟಿಂಗ್‌ಗಳನ್ನೂ ಅದರ ಪುಟಗಳಿಂದಲೇ ತಿದ್ದಬಹುದು. ಕಾಕ್‌ಪಿಟ್‌ನ ವ್ಯಾಪ್ತಿ ಅಷ್ಟು ದೊಡ್ಡದಲ್ಲ. ಆದರೆ 9090ನೇ ಪೋರ್ಟ್‌ಗೆ ಯಾರಾದರೂ ಸಂಪರ್ಕಿಸಿದಾಗ ಮಾತ್ರ ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಅದನ್ನು ಎಬ್ಬಿಸುವುದರಿಂದ ಉಳಿದ ಹೊತ್ತಿನಲ್ಲಿ ಅದು ಸರ್ವರ್‌ಗೆ ಹೊರೆಯಾಗದು, ಮತ್ತು ಲಾಗಿನ್ ಆದವರಿಗೆ ಟರ್ಮಿನಲ್‌ನಲ್ಲಿರುವ ಅಧಿಕಾರವಷ್ಟೇ ಇಲ್ಲಿಯೂ ದೊರೆಯುತ್ತದೆ. ಮೇಲ್, ಡಿಎನ್‌ಎಸ್ ನಡೆಸುವವರಿಗೆ ವೆಬ್‌ಮಿನ್ ಅನುಕೂಲ. ಸೇವೆಗಳು, ಡಿಸ್ಕ್, ಲಾಗ್‌ಗಳ ಮೇಲೆ ಕಣ್ಣಿಟ್ಟರೆ ಸಾಕೆನ್ನುವವರಿಗೆ ನಾನು ಕಾಕ್‌ಪಿಟ್ಟನ್ನೇ ಸೂಚಿಸುತ್ತೇನೆ. ಯಾವುದನ್ನು ಆರಿಸಿದರೂ ಪೋರ್ಟನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಡದೆ, ವಿಪಿಎನ್ ಅಥವಾ ಎಸ್‌ಎಸ್‌ಎಚ್ ಟನಲ್ (ಎರಡೂ ಎನ್‌ಕ್ರಿಪ್ಟ್ ಆದ ಖಾಸಗಿ ಸಂಪರ್ಕಗಳು) ಮೂಲಕವೇ ಒಳಬರುವುದು ಕ್ಷೇಮ. ಈ ಎಚ್ಚರಿಕೆಗೆ ಕಾರಣವಿದೆ: ವೆಬ್‌ಮಿನ್‌ನ 1.890ನೇ ಆವೃತ್ತಿಯಲ್ಲಿ ಯಾರೋ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿಸಿದ್ದುದು 2019ರಲ್ಲಷ್ಟೇ ಬಯಲಾಯಿತು.